ಭಾರ ಎಲ್ಲಿಗೆ ಹೋಗುತ್ತದೆ: ಹಳೆಯ ಪಿಕಪ್ಪಿಗೆ ಪವರ್ ಸ್ಟೀರಿಂಗ್

ಎಪ್ಪತ್ತು ವರ್ಷ ಹಳೆಯ ಪಿಕಪ್ ಟ್ರಕ್ಕಿನ ಸ್ಟೀರಿಂಗ್ ಚಕ್ರವು ಹೆಚ್ಚೂಕಡಿಮೆ ಒಂದು ಮೊಳದಷ್ಟು ಅಗಲವಾಗಿರುವುದು ಶೋಕಿಗಾಗಿ ಅಲ್ಲ. ಚಕ್ರ ದೊಡ್ಡದಾದಷ್ಟೂ ಸನ್ನೆಗೋಲು ಉದ್ದವಾಗುತ್ತದೆ, ಸನ್ನೆಗೋಲು ಉದ್ದವಾದಷ್ಟೂ ತೋಳಿನ ಶ್ರಮ ಕಡಿಮೆಯಾಗುತ್ತದೆ ಎಂಬ ಸರಳ ಲೆಕ್ಕವೇ ಅದರ ಹಿಂದಿದೆ. ಇದೇ ಲೆಕ್ಕಾಚಾರ ಆ ವಾಹನದ ಮುಂಭಾಗದ ಪ್ರತಿಯೊಂದು ಅಂಗದಲ್ಲೂ ಕಾಣುತ್ತದೆ. ಟೈರು ಕಿರಿದಾಗಿದೆ, ಸ್ಟೀರಿಂಗ್ ಬಾಕ್ಸಿನೊಳಗಿನ ಹಲ್ಲುಗಳು ನಿಧಾನವಾಗಿ ತಿರುಗುವಂತೆ ಕಡೆಯಲ್ಪಟ್ಟಿವೆ, ಮುಂದಿನ ಗಾಲಿಗಳು ಯಾವ ಗೂಟದ ಸುತ್ತ ಹೊರಳುತ್ತವೆಯೋ ಆ ಕಿಂಗ್ ಪಿನ್ ಹಿಂದಕ್ಕೆ ಹೆಚ್ಚು ಓರೆಯಾಗದೆ ಬಹುಮಟ್ಟಿಗೆ ನೆಟ್ಟಗೆ ನಿಂತಿದೆ. ವಾಹನವನ್ನು ತಿರುಗಿಸುವ ಬಲ ಚಾಲಕನ ಭುಜಗಳಿಂದ ಬಿಟ್ಟರೆ ಬೇರೆಲ್ಲಿಂದಲೂ ಬಾರದು ಎಂಬ ಒಂದೇ ಒಂದು ಗೃಹೀತದಿಂದ ಹೊರಟ ನಿರ್ಧಾರಗಳು ಇವೆಲ್ಲ. ಆದ್ದರಿಂದ ಅಂಥ ವಾಹನಕ್ಕೆ ಪವರ್ ಸ್ಟೀರಿಂಗ್ ಜೋಡಿಸುವುದೆಂದರೆ ಒಂದು ಬಿಡಿಭಾಗವನ್ನು ಸೇರಿಸುವುದಲ್ಲ, ಮೂಲದ ಗೃಹೀತವನ್ನೇ ಕಿತ್ತುಹಾಕುವುದು. ಅದನ್ನು ಕಿತ್ತ ಮೇಲೆ ಅದರ ಮೇಲೆ ನಿಂತಿದ್ದ ಉಳಿದ ನಿರ್ಧಾರಗಳನ್ನೂ ಒಂದೊಂದಾಗಿ ಮರುವಿಚಾರಿಸಬೇಕಾಗುತ್ತದೆ. ಈ ಕೆಲಸಕ್ಕೆ ಕೈಹಾಕಿದವರಲ್ಲಿ ಅನೇಕರು ಅರ್ಧದಾರಿಯಲ್ಲಿ ಬೇಸತ್ತು ಕೈಬಿಡುವುದಕ್ಕೆ ಈ ಸಂಗತಿಯನ್ನು ಮೊದಲೇ ಗಮನಿಸದಿರುವುದು ಕಾರಣವೇ ಹೊರತು ಯಂತ್ರದ ಕ್ಲಿಷ್ಟತೆಯಲ್ಲ.

ಕರ್ನಾಟಕದಲ್ಲಿ ‘ಪಿಕಪ್’ ಎಂದೊಡನೆ ತರಕಾರಿಯನ್ನೋ ಹಾಲಿನ ಕ್ಯಾನುಗಳನ್ನೋ ಹೊತ್ತು ಮಾರುಕಟ್ಟೆಗೆ ಹೋಗುವ ಈಗಿನ ಕಾಲದ ಸಣ್ಣ ಸರಕು ವಾಹನ ಕಣ್ಣಮುಂದೆ ಬರುತ್ತದೆ. ಇಲ್ಲಿ ಹೇಳಹೊರಟಿರುವುದು ಅಮೆರಿಕದ ರೈತರು ಮತ್ತು ಕಸುಬುದಾರರು ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ದುಡಿಸಿಕೊಂಡ, ಈಗ ಅಲ್ಲಿಯ ಹವ್ಯಾಸಿಗಳು ಅಕ್ಕರೆಯಿಂದ ಕಾಪಾಡಿಕೊಂಡು ಬಂದಿರುವ ವಾಹನಗಳ ವಿಷಯ. ಅವುಗಳಲ್ಲಿ ಫೋರ್ಡ್ ಕಂಪನಿಯ ಎಫ್-100ರ 1953ರಿಂದ 1956ರವರೆಗಿನ ಮಾದರಿಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳುವುದು ಅನುಕೂಲ. ಏಕೆಂದರೆ ಪವರ್ ಸ್ಟೀರಿಂಗ್ ಜೋಡಣೆಯ ಬಹುತೇಕ ತೊಡಕುಗಳು ಈ ಒಂದೇ ವಾಹನದಲ್ಲಿ ಒಟ್ಟಿಗೆ ಸಿಗುತ್ತವೆ. ಅರ್ಧ ಟನ್ ಹೊರೆಯ ವರ್ಗಕ್ಕೆ ಸೇರಿದ ಇದರ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ 110 ಇಂಚು. ಹಿಂದಿನ ಮಾದರಿಯಲ್ಲಿ ಇದು 114 ಇಂಚು ಇತ್ತು. ಇಕ್ಕಟ್ಟಾದ ಜಾಗದಲ್ಲೂ ಟ್ರಕ್ಕು ಸುಲಭವಾಗಿ ತಿರುಗಲೆಂದು ಫೋರ್ಡ್ ಎಂಜಿನಿಯರುಗಳು 1953ರಲ್ಲಿ ಮುಂದಿನ ಅಚ್ಚನ್ನು ಹಿಂದಕ್ಕೆ ಸರಿಸಿದ್ದರು. ತಿರುವಿನ ಸುತ್ತಳತೆ ಕಡಿಮೆಯಾಯಿತು ನಿಜ, ಆದರೆ ತಿರುಗಿಸುವ ಶ್ರಮ ಕಡಿಮೆಯಾಗಲಿಲ್ಲ; ಇವೆರಡೂ ಬೇರೆ ಬೇರೆ ಸಂಗತಿಗಳು.

ಶ್ರಮ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡಬೇಕು. ನಿಂತ ವಾಹನದ ಟೈರು ನೆಲವನ್ನು ಅಂಗೈಯಗಲದ ಒಂದು ಪಟ್ಟಿಯಲ್ಲಿ ಒತ್ತಿಕೊಂಡಿರುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಆ ರಬ್ಬರಿನ ಪಟ್ಟಿ ನೆಲಕ್ಕೆ ಉಜ್ಜಿಕೊಂಡೇ ಹೊರಳಬೇಕು. ವಾಹನ ಚಲಿಸತೊಡಗಿದರೆ ಟೈರು ಉರುಳುತ್ತಲೇ ಹೊಸ ಜಾಗಕ್ಕೆ ಹೆಜ್ಜೆಯಿಡುವುದರಿಂದ ಈ ಉಜ್ಜಾಟ ಥಟ್ಟನೆ ಇಳಿದುಹೋಗುತ್ತದೆ. ಹಳೆಯ ಚಾಲಕರು ಗಾಡಿ ಒಂದು ಗೇಣಾದರೂ ಕದಲದೆ ಸ್ಟೀರಿಂಗ್ ಮುಟ್ಟುತ್ತಿರಲಿಲ್ಲ. ಅದು ತೋಳಿನ ಸೋಮಾರಿತನವಲ್ಲ, ಯಂತ್ರವನ್ನು ಅರಿತ ಜಾಣತನ. ಮೂಲದಲ್ಲಿ ಈ ಟ್ರಕ್ಕಿಗೆ ಆರು ಇಂಚಿನಷ್ಟು ಅಗಲದ, ನೂಲಿನ ಪದರಗಳು ಒಂದರ ಮೇಲೊಂದು ಓರೆಯಾಗಿ ಹಾಯುವ ಬಯಾಸ್ ಪ್ಲೈ ಟೈರುಗಳಿದ್ದವು. ಇಂದಿನ ಒಡೆಯರು ಅವುಗಳ ಬದಲಿಗೆ ಎಂಟು ಒಂಬತ್ತು ಇಂಚು ಅಗಲದ ರೇಡಿಯಲ್ ಟೈರುಗಳನ್ನು ಹಾಕಿಸುತ್ತಾರೆ. ಗಾಡಿ ನೇರವಾಗಿ ಹಿಡಿತದಿಂದ ಓಡುತ್ತದೆ, ನೋಡಲಿಕ್ಕೂ ಲಕ್ಷಣವಾಗಿರುತ್ತದೆ, ನಿಲ್ಲಿಸುವ ಜಾಗದಲ್ಲಿ ಮಾತ್ರ ಮೈಯೆಲ್ಲ ಬೆವರುತ್ತದೆ. ಹಳೆಯ ಟ್ರಕ್ಕಿನ ಸ್ಟೀರಿಂಗ್ ವಿಪರೀತ ಬಿಗಿ ಎಂಬ ದೂರಿನಲ್ಲಿ ಅರ್ಧಪಾಲು ಹೊಸ ಟೈರಿನದು. ಉಳಿದರ್ಧದಲ್ಲಿ ಬಹುಪಾಲು ದಶಕಗಳಿಂದ ಗ್ರೀಸ್ ಕಾಣದ ಕಿಂಗ್ ಪಿನ್ನುಗಳದು. ಈ ಎರಡನ್ನೂ ಸರಿಪಡಿಸಿ ನೋಡದೆ ಪವರ್ ಸ್ಟೀರಿಂಗಿಗೆ ಹಣ ಸುರಿಯುವುದು ತುಕ್ಕು ಹಿಡಿದ ಬಾಗಿಲ ಕೀಲಿಗೆ ಎಣ್ಣೆ ಬಿಡುವ ಬದಲು ಬಾಗಿಲು ನೂಕಲು ಆಳನ್ನಿಟ್ಟಂತೆ.

ಚಾಲಕನ ಕೈಯಿಂದ ಗಾಲಿಯವರೆಗೆ ಬಲ ಸಾಗುವ ದಾರಿ ಹೀಗಿದೆ. ಸ್ಟೀರಿಂಗ್ ಚಕ್ರದ ಕೆಳಗಿನ ದಂಡದ ತುದಿಯಲ್ಲಿ, ಸ್ಟೀರಿಂಗ್ ಬಾಕ್ಸಿನೊಳಗೆ, ಬೋಲ್ಟಿನ ಮರೆಯಂತೆ ಸುರುಳಿ ಕೊರೆದ ವರ್ಮ್ ಇರುತ್ತದೆ. ಅದು ತಿರುಗಿದಂತೆ ಅದಕ್ಕೆ ಕಚ್ಚಿಕೊಂಡ ಉರುಳೆಯೊಂದು ಅಡ್ಡ ದಂಡವನ್ನು ಸ್ವಲ್ಪಸ್ವಲ್ಪವೇ ಹೊರಳಿಸುತ್ತದೆ. ಆ ಅಡ್ಡ ದಂಡದ ತುದಿಗೆ ಜೋತುಬಿದ್ದಿರುವ ಪಿಟ್‌ಮನ್ ಆರ್ಮ್ ಎಂಬ ತೋಳು ಗಡಿಯಾರದ ಲೋಲಕದಂತೆ ಹಿಂದೆ ಮುಂದೆ ತೂಗುತ್ತದೆ. ಅದರಿಂದ ಹೊರಟ ಡ್ರ್ಯಾಗ್ ಲಿಂಕ್ ಎಂಬ ಸರಳು ಎಡಗಾಲಿಯ ಬುಡದ ತೋಳನ್ನು ನೂಕುತ್ತದೆ ಅಥವಾ ಎಳೆಯುತ್ತದೆ. ಎಡಗಾಲಿಗೆ ಬಲಗಾಲಿಯನ್ನು ಟೈ ರಾಡ್ ಕಟ್ಟಿಹಾಕಿರುತ್ತದೆ. ಸ್ಟೀರಿಂಗ್ ಚಕ್ರ ಎಷ್ಟು ಡಿಗ್ರಿ ತಿರುಗಿದರೆ ಅಡ್ಡ ದಂಡ ಒಂದು ಡಿಗ್ರಿ ತಿರುಗುತ್ತದೆಯೋ ಅದೇ ಸ್ಟೀರಿಂಗ್ ಅನುಪಾತ. ಅಡ್ಡ ದಂಡವು ಒಂದು ಕೊನೆಯಿಂದ ಇನ್ನೊಂದು ಕೊನೆಗೆ 70 ಡಿಗ್ರಿ ಹೊರಳಬೇಕೆಂದಿಟ್ಟುಕೊಂಡರೆ, 24ಕ್ಕೆ 1ರ ಅನುಪಾತವಿದ್ದಲ್ಲಿ ಚಾಲಕನು ಚಕ್ರವನ್ನು 1,680 ಡಿಗ್ರಿ, ಅಂದರೆ ನಾಲ್ಕೂವರೆ ಸುತ್ತಿಗೂ ಹೆಚ್ಚು ತಿರುಗಿಸಬೇಕಾಗುತ್ತದೆ; 16ಕ್ಕೆ 1 ಇದ್ದರೆ ಸುಮಾರು ಮೂರು ಸುತ್ತಿಗೆ ಕೆಲಸ ಮುಗಿಯುತ್ತದೆ. ಶ್ರಮ ಉಳಿಸಿದ್ದಕ್ಕೆ ಸುತ್ತುಗಳ ರೂಪದಲ್ಲಿ ಬೆಲೆ ತೆರಬೇಕೆಂಬುದು ಕೈಯಿಂದಲೇ ತಿರುಗಿಸುವ ಸ್ಟೀರಿಂಗಿನ ತಪ್ಪಿಸಿಕೊಳ್ಳಲಾಗದ ನಿಯಮ.

ಈ ನಿಯಮವನ್ನು ಮೀರುವ ಬಯಕೆ ಮೊದಲು ಗಟ್ಟಿಯಾಗಿ ಹುಟ್ಟಿದ್ದು ಐಷಾರಾಮಿ ಕಾರಿನಲ್ಲಲ್ಲ, ಲಾರಿಯಲ್ಲಿ ಎಂಬುದು ಗಮನಿಸಬೇಕಾದ ಸಂಗತಿ. ಅಮೆರಿಕದ ಪಿಯರ್ಸ್-ಆ್ಯರೋ ಕಂಪನಿಯ ಟ್ರಕ್ ವಿಭಾಗದಲ್ಲಿ ಎಂಜಿನಿಯರಾಗಿದ್ದ ಫ್ರಾನ್ಸಿಸ್ ಡೇವಿಸ್ ಭಾರೀ ವಾಹನಗಳ ಸ್ಟೀರಿಂಗಿನ ಕಷ್ಟವನ್ನು ಹತ್ತಿರದಿಂದ ಕಂಡಿದ್ದವರು. ಆ ಕೆಲಸ ಬಿಟ್ಟು ಮ್ಯಾಸಚೂಸೆಟ್ಸಿನ ವಾಲ್ಥಮ್ ಊರಿನಲ್ಲಿ ಸಣ್ಣ ಕಾರ್ಯಾಗಾರ ಹಾಕಿಕೊಂಡು ಅವರು ರೂಪಿಸಿದ ಎಣ್ಣೆಯ ಒತ್ತಡದ ಸ್ಟೀರಿಂಗ್ 1926ರ ಹೊತ್ತಿಗೆ ಪಿಯರ್ಸ್-ಆ್ಯರೋ ಕಾರೊಂದರಲ್ಲಿ ಓಡಾಡುವಷ್ಟು ಸಿದ್ಧವಾಗಿತ್ತು. ಜನರಲ್ ಮೋಟಾರ್ಸ್ ಆಸಕ್ತಿ ತೋರಿಸಿತಾದರೂ ಆರ್ಥಿಕ ಮಹಾಕುಸಿತದ ವರ್ಷಗಳಲ್ಲಿ ಆ ಯೋಜನೆ ಕೈಬಿಟ್ಟುಹೋಯಿತು. ಯುದ್ಧಕಾಲದ ಭಾರೀ ಸೇನಾ ವಾಹನಗಳಲ್ಲಿ ಅದು ಬಳಕೆಗೆ ಬಂತು. ಸಾರ್ವಜನಿಕರು ಕೊಳ್ಳಬಹುದಾದ ಕಾರಿನಲ್ಲಿ ಕಾಣಿಸಿಕೊಂಡದ್ದು 1951ರಲ್ಲಿ, ಅದೂ ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಕಾರಿನಲ್ಲಿ. ಡೇವಿಸರ ಪೇಟೆಂಟುಗಳ ಅವಧಿ ಮುಗಿದಿದ್ದರಿಂದ ಕ್ರೈಸ್ಲರ್ ಅವುಗಳ ತತ್ತ್ವವನ್ನು ಬಳಸಿಕೊಳ್ಳುವುದಕ್ಕೆ ಅಡ್ಡಿಯಿರಲಿಲ್ಲ. ಮರುವರ್ಷ ಜನರಲ್ ಮೋಟಾರ್ಸ್ ಹಿಂಬಾಲಿಸಿತು. ಲಾರಿಯ ಕಷ್ಟಕ್ಕೆಂದು ಹುಟ್ಟಿದ ಉಪಾಯ ಹೀಗೆ ಸಿರಿವಂತರ ಕಾರಿನ ಸೌಖ್ಯವಾಗಿ ನೆಲೆಯೂರಿತು. ರೈತನ ಸಣ್ಣ ಪಿಕಪ್ಪಿನಲ್ಲಿ ಅದು ಮಾಮೂಲಿ ಸೌಲಭ್ಯವೆನಿಸಲು ಇನ್ನೂ ಬಹಳ ಕಾಲ ಹಿಡಿಯಿತು. ಇಂದಿನ ಒಡೆಯರು ಮಾಡುತ್ತಿರುವುದು ತಡವಾಗಿ ಆ ಸಾಲ ತೀರಿಸುವ ಕೆಲಸವೆನ್ನಬಹುದು.

ಡೇವಿಸರ ಉಪಾಯದ ತಿರುಳು ಎಣ್ಣೆಯನ್ನು ನೂಕುವ ಪಂಪಿನಲ್ಲಿಲ್ಲ, ವಾಲ್ವಿನಲ್ಲಿದೆ. ಎಣ್ಣೆಯನ್ನು ಸದಾ ಒತ್ತಡದಲ್ಲಿ ಹಿಡಿದಿಟ್ಟು, ಬೇಕಾದಾಗ ಬಿಡುವ ಪದ್ಧತಿ ಯಾರಿಗೂ ಹೊಳೆಯುವಂಥದು. ಆದರೆ ಸದಾ ಒತ್ತಡದಲ್ಲಿರುವ ಎಣ್ಣೆ ಸದಾ ಸೋರುತ್ತದೆ, ಪಂಪು ಸದಾ ದಣಿಯುತ್ತದೆ. ಡೇವಿಸರು ಅದಕ್ಕೆ ಬದಲಾಗಿ ಎಣ್ಣೆ ಯಾವ ತಡೆಯೂ ಇಲ್ಲದೆ ನಿರಂತರವಾಗಿ ಸುತ್ತುತ್ತಲೇ ಇರುವ ತೆರೆದ ವಾಲ್ವನ್ನು ಬಳಸಿದರು. ನಂತರದ ದಶಕಗಳಲ್ಲಿ ಬೆಳೆದುಬಂದ ಒಳಜೋಡಣೆಯ ಪವರ್ ಸ್ಟೀರಿಂಗ್ ಬಾಕ್ಸಿನಲ್ಲಿ ಈ ತತ್ತ್ವ ಅತ್ಯಂತ ಅಚ್ಚುಕಟ್ಟಾದ ರೂಪ ಪಡೆದಿದೆ. ಅದರ ಮೇಲ್ಭಾಗದಲ್ಲಿ, ಒಳಬರುವ ದಂಡಕ್ಕೂ ವರ್ಮಿಗೂ ನಡುವೆ, ಪೆನ್ಸಿಲಿನಷ್ಟು ದಪ್ಪದ ಉಕ್ಕಿನ ಕಡ್ಡಿಯೊಂದಿರುತ್ತದೆ. ಇದು ಟಾರ್ಷನ್ ಬಾರ್, ಅಂದರೆ ಹಿಂಡಿದರೆ ತುಸು ತಿರುಚಿಕೊಂಡು ಬಿಟ್ಟೊಡನೆ ಮೊದಲಿನಂತಾಗುವ ಸರಳು. ಚಾಲಕನು ಚಕ್ರ ತಿರುಗಿಸಿದಾಗ ಗಾಲಿಗಳು ಮೊಂಡುಹಿಡಿದು ನಿಂತರೆ ಈ ಕಡ್ಡಿ ಕೆಲವೇ ಡಿಗ್ರಿ ತಿರುಚಿಕೊಳ್ಳುತ್ತದೆ. ಕಡ್ಡಿಯ ಮೇಲ್ತುದಿಗೆ ಒಂದು ಕೊಳವೆ, ಕೆಳತುದಿಗೆ ಅದನ್ನು ಸುತ್ತಿಕೊಂಡ ಇನ್ನೊಂದು ಕೊಳವೆ. ಎರಡರ ಮೈಮೇಲೂ ಉದ್ದುದ್ದ ಗೀರುಗಳು. ಕಡ್ಡಿ ನೆಟ್ಟಗಿರುವಾಗ ಗೀರುಗಳು ಎದುರುಬದುರಾಗಿ ತೆರೆದುಕೊಂಡು ಎಣ್ಣೆ ತಡೆಯಿಲ್ಲದೆ ಟ್ಯಾಂಕಿಗೆ ಮರಳುತ್ತದೆ. ಕಡ್ಡಿ ತಿರುಚಿದಾಗ ಒಂದರ ಅಂಚು ಇನ್ನೊಂದರ ಬಾಯನ್ನು ಕೂದಲೆಳೆಯಷ್ಟು ಮುಚ್ಚಿ, ಮರಳುವ ದಾರಿ ಇಕ್ಕಟ್ಟಾಗಿ, ಒತ್ತಡ ಏರಿ, ಎಣ್ಣೆ ಅಡ್ಡ ದಂಡವನ್ನು ಹೊರಳಿಸುವ ಪಿಸ್ಟನ್ನಿನ ಒಂದು ಬದಿಗೆ ನುಗ್ಗುತ್ತದೆ. ಗಾಲಿ ಹೊರಳಿ ಚಾಲಕನ ಕೈಯ ಚಲನೆಗೆ ಸರಿಗಟ್ಟಿದೊಡನೆ ಕಡ್ಡಿ ಮತ್ತೆ ನೆಟ್ಟಗಾಗುತ್ತದೆ, ನೆರವು ತಾನಾಗಿ ನಿಲ್ಲುತ್ತದೆ. ಒತ್ತಡದ ಪ್ರಮಾಣ ಸಾಮಾನ್ಯವಲ್ಲ: ಚದರ ಇಂಚಿಗೆ 1,000 ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 70 ಕಿಲೋ ಒತ್ತಡವು 7 ಸೆಂಟಿಮೀಟರ್ ವ್ಯಾಸದ ಪಿಸ್ಟನ್ನಿನ ಮೇಲೆ ಬಿದ್ದರೆ ಹುಟ್ಟುವ ಬಲ ಎರಡೂವರೆ ಟನ್ನಿಗೂ ಮಿಕ್ಕಿದ್ದು. ಇಷ್ಟು ಬಲವನ್ನು ಎರಡು ಬೆರಳಿನ ಸೂಚನೆಗೆ ಅಧೀನವಾಗಿಡುವ ಆ ಪುಟ್ಟ ಕಡ್ಡಿಯ ಬಗ್ಗೆ ಸ್ವಲ್ಪ ಗೌರವವಿರುವುದು ಒಳ್ಳೆಯದು.

ಈ ಬಾಕ್ಸುಗಳ ಹೊಟ್ಟೆಯಲ್ಲಿ ವರ್ಮಿಗೂ ಪಿಸ್ಟನ್ನಿಗೂ ನೇರ ಉಜ್ಜಾಟವಿಲ್ಲದಂತೆ ಉಕ್ಕಿನ ಗುಂಡುಗಳ ಸಾಲು ಸುತ್ತುತ್ತಿರುತ್ತದೆ. ಮರೆಯ ಒಂದು ತುದಿಯಿಂದ ಹೊರಬಿದ್ದ ಗುಂಡು ಕೊಳವೆಯಲ್ಲಿ ಹಾದು ಇನ್ನೊಂದು ತುದಿಗೆ ಮರಳುವುದರಿಂದ ಇದಕ್ಕೆ ರೀಸರ್ಕ್ಯುಲೇಟಿಂಗ್ ಬಾಲ್ ಎಂಬ ಹೆಸರು ಬಂದಿದೆ. ಭಾರತದ ಲಾರಿ ಬಸ್ಸುಗಳ ಗ್ಯಾರೇಜುಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೊಸತಲ್ಲ.

ಎಫ್-100ಕ್ಕೆ ಇಂಥ ಬಾಕ್ಸನ್ನು ಎಲ್ಲಿಂದ ತರಬೇಕು ಎಂಬಲ್ಲಿ ನಿಜವಾದ ಹುಡುಕಾಟ ಶುರುವಾಗುತ್ತದೆ. ಷೆವ್ರೊಲೆಟ್ ಕಂಪನಿಯ 1967–72ರ ಸಿ-10 ಪಿಕಪ್ಪಿನ ಒಡೆಯರು ಪುಣ್ಯವಂತರು. ಆ ಮಾದರಿಗೆ ಕಾರ್ಖಾನೆಯೇ ಪವರ್ ಸ್ಟೀರಿಂಗನ್ನು ಐಚ್ಛಿಕವಾಗಿ ಕೊಡುತ್ತಿದ್ದುದರಿಂದ ಅದಕ್ಕೊಪ್ಪುವ ಬಾಕ್ಸು, ಪಂಪು, ಬ್ರ್ಯಾಕೆಟ್ಟುಗಳು ಹಳೆ ಸಾಮಾನಿನ ಅಂಗಡಿಯಲ್ಲಿ ಈಗಲೂ ಸಿಗುತ್ತವೆ. ಐವತ್ತರ ದಶಕದ ಫೋರ್ಡಿನ ಮುಂಭಾಗದಲ್ಲಿ ಎರಡು ಗಾಲಿಗಳನ್ನೂ ಒಂದೇ ಗಟ್ಟಿ ಉಕ್ಕಿನ ತೊಲೆ ಹೊತ್ತಿದೆ, ಆ ತೊಲೆಯನ್ನು ಲೀಫ್ ಸ್ಪ್ರಿಂಗ್ ಎಂಬ ಪಟ್ಟಿಗಳ ಕಮಾನು ಹೊತ್ತಿದೆ, ಪಿಟ್‌ಮನ್ ಆರ್ಮ್ ಹಿಂದೆ ಮುಂದೆ ತೂಗುತ್ತದೆ. ಸಾಮಾನ್ಯ ಕಾರುಗಳ ಬಾಕ್ಸಿನಲ್ಲಿ ಆ ತೋಳು ಎಡಬಲಕ್ಕೆ ತೂಗುವುದರಿಂದ ಅವು ಇಲ್ಲಿ ಕೆಲಸಕ್ಕೆ ಬಾರವು. ಹೀಗಾಗಿ ಹವ್ಯಾಸಿಗಳ ಕಣ್ಣು ಜಪಾನಿನ ಟೊಯೊಟಾ ಕಂಪನಿಯ 1979–85ರ ನಾಲ್ಕು ಗಾಲಿ ಎಳೆತದ ಪಿಕಪ್ಪಿನ ಬಾಕ್ಸಿನ ಮೇಲೆ ಬಿತ್ತು. ಅದರ ಮುಂಭಾಗದಲ್ಲೂ ಗಟ್ಟಿ ಅಚ್ಚು, ಅದೇ ಲೋಲಕದ ತೂಗಾಟ, ಗಾತ್ರದಲ್ಲೂ ಅಡಕ. ಬೇರೆಲ್ಲಿಂದಲೋ ತಂದ ಬಾಕ್ಸನ್ನು ಬೋರಲು ಹಾಕಿಯೋ ಹಿಂದುಮುಂದಾಗಿಯೋ ಕೂರಿಸಿದವರು ಕೊನೆಯಲ್ಲಿ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದರೆ ಗಾಡಿ ಎಡಕ್ಕೆ ಹೋಗುವುದನ್ನು ಕಂಡು ತಲೆಯ ಮೇಲೆ ಕೈಹೊತ್ತು ಕೂತದ್ದೂ ಈ ಹವ್ಯಾಸದ ಇತಿಹಾಸದಲ್ಲಿ ಉಂಟು. ವೆಲ್ಡಿಂಗಿಗೆ ಮೊದಲು ಗಾಲಿಗಳನ್ನು ನೆಲದಿಂದೆತ್ತಿ, ಬಾಕ್ಸನ್ನು ತಂತಿಯಲ್ಲಾದರೂ ಕಟ್ಟಿ ದಿಕ್ಕನ್ನು ಪರೀಕ್ಷಿಸಿಕೊಳ್ಳುವ ಐದು ನಿಮಿಷದ ಕೆಲಸವನ್ನು ಯಾರೂ ಬಿಡಕೂಡದು.

ಬಾಕ್ಸು ಸಿಕ್ಕಿತೆಂದರೆ ಕಾಲಮ್ಮಿನ, ಅಂದರೆ ಸ್ಟೀರಿಂಗ್ ಚಕ್ರವನ್ನು ಹೊತ್ತ ಕಂಬದ ಪ್ರಶ್ನೆ ಎದುರಾಗುತ್ತದೆ. ಹಳೆಯ ಫೋರ್ಡಿನಲ್ಲಿ ಚಕ್ರದಿಂದ ಬಾಕ್ಸಿನೊಳಗಿನ ವರ್ಮಿನವರೆಗೆ ಒಂದೇ ಅಖಂಡ ದಂಡವಿದೆ. ಬಾಕ್ಸು ತೆಗೆಯಬೇಕೆಂದರೆ ದಂಡವನ್ನು ಕತ್ತರಿಸಬೇಕು, ಇಲ್ಲವೇ ಇಡೀ ಕಾಲಮ್ಮನ್ನು ಬದಲಿಸಬೇಕು. ಈ ಅಖಂಡ ದಂಡವೆಂಬುದು ಮುಂದಿನಿಂದ ಡಿಕ್ಕಿಯಾದರೆ ಚಾಲಕನ ಎದೆಗೆ ಗುರಿಯಿಟ್ಟ ಈಟಿ. ಡಿಕ್ಕಿಯಲ್ಲಿ ತಾನೇ ಕುಸಿದು ಹೊಡೆತ ಹೀರಿಕೊಳ್ಳುವ ಕಾಲಮ್ಮನ್ನು ಅಮೆರಿಕದ ಪ್ರಯಾಣಿಕ ಕಾರುಗಳಿಗೆ ಕಡ್ಡಾಯ ಮಾಡಿದ್ದು 1968ರಲ್ಲಿ. ಹಾಗಾಗಿ ಪವರ್ ಸ್ಟೀರಿಂಗಿನ ನೆಪದಲ್ಲಿ ಕಾಲಮ್ಮು ಬದಲಾಗುವುದು ಕೇವಲ ಅನಿವಾರ್ಯವಲ್ಲ, ಅಪೇಕ್ಷಣೀಯ ಕೂಡ. ಇಡೀ ಬದಲಾವಣೆಯಲ್ಲಿ ಜೀವ ಉಳಿಸಬಲ್ಲ ಭಾಗ ಯಾವುದೆಂದರೆ ಇದೇ, ಎಣ್ಣೆಯ ಪಂಪಲ್ಲ. ಹೊಸ ಕಾಲಮ್ಮಿಗೂ ಹೊಸ ಬಾಕ್ಸಿಗೂ ನಡುವೆ ಯೂನಿವರ್ಸಲ್ ಜಾಯಿಂಟ್, ಅಂದರೆ ಕೋನದಲ್ಲಿ ಬಾಗಿಯೂ ತಿರುಗಬಲ್ಲ ಶಿಲುಬೆಯಾಕಾರದ ಕೀಲುಗಳು ಬೇಕಾಗುತ್ತವೆ. ಈ ಕೀಲಿಗೊಂದು ಚಾಳಿಯಿದೆ: ಅದು ಬಾಗಿ ತಿರುಗುವಾಗ ಒಂದು ಸುತ್ತಿನೊಳಗೇ ಎರಡು ಸಲ ವೇಗ ಹೆಚ್ಚಿಸಿ ಎರಡು ಸಲ ತಗ್ಗಿಸುತ್ತದೆ. ಬಾಗು 30 ಡಿಗ್ರಿ ಇದ್ದರೆ ಈ ಏರಿಳಿತ ಶೇ 13ರಷ್ಟು ಕೆಳಕ್ಕೂ ಶೇ 15ರಷ್ಟು ಮೇಲಕ್ಕೂ ಹೋಗುತ್ತದೆ. ಎರಡು ಕೀಲುಗಳನ್ನು ಸಮಾನ ಕೋನದಲ್ಲಿ, ಅವುಗಳ ಕವಲುಗಳು ಒಂದೇ ನೇರಕ್ಕೆ ಬರುವಂತೆ ಜೋಡಿಸಿದರೆ ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತದೆ. ಅಡ್ಡಾದಿಡ್ಡಿ ಜೋಡಿಸಿದರೆ ತಪ್ಪು ಇಮ್ಮಡಿಯಾಗಿ, ಸ್ಟೀರಿಂಗ್ ಒಂದೆಡೆ ಹಗುರ ಒಂದೆಡೆ ಬಿಗಿ ಎಂಬಂತೆ ಕೈಗೆ ತೊಡರುತ್ತದೆ. ಆಗ ಒಡೆಯರು ಪಂಪನ್ನು ಬೈಯುತ್ತಾರೆ. ಮೂರು ಕೀಲು ಬೇಕಾದಲ್ಲಿ ನಡುವಿನ ದಂಡಕ್ಕೆ ಬೇರಿಂಗಿನ ಆಸರೆ ಕೊಡದಿದ್ದರೆ ಅದು ಸರಪಳಿಯಂತೆ ಜೋತಾಡುತ್ತದೆ.

ಚಾಸಿಯ ವಿಷಯವನ್ನು ಚಿಕ್ಕದಾಗಿ ಹೇಳಬಹುದಾದರೂ ಲಘುವಾಗಿ ಹೇಳಲಾಗದು. ಈ ಟ್ರಕ್ಕುಗಳ ಚಾಸಿ ಒಂದು ಬದಿ ತೆರೆದಿರುವ, ‘ಸಿ’ ಆಕಾರಕ್ಕೆ ಮಡಿಸಿದ ತಗಡಿನ ತೊಲೆ. ಹಳೆಯ ಬಾಕ್ಸು ಅದಕ್ಕೆ ಕೊಡುತ್ತಿದ್ದುದು ಮನುಷ್ಯನ ತೋಳಿನಿಂದ ಹುಟ್ಟಿದ ಒತ್ತಡ. ಹೊಸದು ಕೊಡುವುದು ಟನ್ನುಗಟ್ಟಲೆ. ಗಾಲಿ ಕಲ್ಲಿಗೋ ರಸ್ತೆಯಂಚಿಗೋ ತಾಗಿ ನಿಂತಾಗ ಚಕ್ರ ತಿರುಗಿಸಿದರೆ ಗಾಲಿಯ ಬದಲು ಚಾಸಿಯೇ ಬಾಗಿ ಉಸಿರಾಡಿದಂತೆ ಕಾಣುವುದುಂಟು, ಹೀಗೆ ಬಾಗಿ ಬಾಗಿ ಬೋಲ್ಟಿನ ತೂತುಗಳಿಂದ ಬಿರುಕು ಹೊರಡುತ್ತದೆ. ತೆರೆದ ಬದಿಗೆ ತಗಡು ಮುಚ್ಚಿ ಬೆಸೆದು ಪೆಟ್ಟಿಗೆಯಾಕಾರ ಕೊಡುವುದೂ, ಬೋಲ್ಟು ಬಿಗಿದಾಗ ತೊಲೆ ನುಗ್ಗಾಗದಂತೆ ಒಳಗೆ ಕೊಳವೆ ಕೂರಿಸುವುದೂ ಇದಕ್ಕಿರುವ ಮದ್ದು.

ಬಾಕ್ಸಿನ ಜಾಗ ಒಂದೆರಡು ಇಂಚು ಆಚೀಚೆಯಾದರೆ ಇನ್ನೊಂದು ಗುಪ್ತ ದೋಷ ತಲೆಯೆತ್ತುತ್ತದೆ. ಗಾಡಿ ಉಬ್ಬುತಗ್ಗು ಹಾಯುವಾಗ ಅಚ್ಚು ಸ್ಪ್ರಿಂಗಿನೊಡನೆ ಮೇಲೆ ಕೆಳಗೆ ಹೋಗುವ ಕಮಾನುದಾರಿ ಒಂದು, ಡ್ರ್ಯಾಗ್ ಲಿಂಕಿನ ತುದಿ ಹೋಗಬಯಸುವ ಕಮಾನುದಾರಿ ಇನ್ನೊಂದು. ಮೂಲ ವಿನ್ಯಾಸದಲ್ಲಿ ಇವೆರಡೂ ಆದಷ್ಟು ಹೊಂದುವಂತೆ ಮಾಡಿರುತ್ತಾರೆ. ಹೊಂದಿಕೆ ತಪ್ಪಿದರೆ ಚಾಲಕ ಸುಮ್ಮನೆ ಕೂತಿದ್ದರೂ ಪ್ರತಿ ಗುಂಡಿಯೂ ಗಾಡಿಯನ್ನು ತಾನೇ ತಿರುಗಿಸುತ್ತದೆ. ಬಂಪ್ ಸ್ಟೀರ್ ಎಂದು ಕರೆಯಲಾಗುವ ಈ ರೋಗವು ಪವರ್ ಸ್ಟೀರಿಂಗಿನ ಹಗುರ ಚಕ್ರದ ಹಿಂದೆ ಅಡಗಿಕೊಂಡು, ವೇಗದಲ್ಲಿ ಮಾತ್ರ ಹೊರಬೀಳುವುದರಿಂದ ಹೆಚ್ಚು ಅಪಾಯಕಾರಿ.

ಮುಂಭಾಗವನ್ನು ಇಡಿಯಾಗಿ ಕತ್ತರಿಸಿ ಬೇರೆ ವಾಹನದ ಜೋಡಣೆಯನ್ನು ಬೆಸೆಯುವವರ ಪಂಥವೂ ಇದೆ. 1974–78ರ ಮಸ್ಟಾಂಗ್ II ಕಾರಿನ ಮಾದರಿಯ ಮುಂಭಾಗವಾಗಲಿ, 2003ರಿಂದೀಚಿನ ಕ್ರೌನ್ ವಿಕ್ಟೋರಿಯಾದ್ದಾಗಲಿ ಬಂದರೆ ಅದರೊಡನೆ ರ‍್ಯಾಕ್ ಆ್ಯಂಡ್ ಪಿನಿಯನ್, ಅಂದರೆ ಹಲ್ಲಿನ ಪಟ್ಟಿಯೊಂದು ಎಡಬಲಕ್ಕೆ ಸರಿಯುತ್ತ ಗಾಲಿಗಳನ್ನು ನೇರವಾಗಿ ಎಳೆಯುವ ಸ್ಟೀರಿಂಗೂ, ಎರಡು ಗಾಲಿಗಳು ಬಿಡಿಬಿಡಿಯಾಗಿ ಕುಣಿಯುವ ಸಸ್ಪೆನ್ಷನ್ನೂ ಬರುತ್ತವೆ. ಓಡಿಸಲು ಅದು ಖಂಡಿತ ಹಿತ. ಆದರೆ ಒಮ್ಮೆ ಕತ್ತರಿಸಿದ ಚಾಸಿ ಮರಳಿ ಮೊದಲಿನಂತಾಗದು, ಉಳಿಯುವುದು ಹಳೆಯ ಮುಖವಾಡ ತೊಟ್ಟ ಹೊಸ ಕಾರು. ಈ ದಾರಿ ಹಿಡಿದವರೂ ಒಂದು ಸಣ್ಣ ವಿಷಯದಲ್ಲಿ ಎಡವುವುದುಂಟು: ಆ ರ‍್ಯಾಕಿಗೆ ಬೇಕಾದ ಒತ್ತಡ ಕಡಿಮೆ, ಜನರಲ್ ಮೋಟಾರ್ಸಿನ ಜನಪ್ರಿಯ ಪಂಪು ಕೊಡುವುದು ಹೆಚ್ಚು. ಎರಡನ್ನೂ ಹಾಗೆಯೇ ಕೂಡಿಸಿದರೆ ಸೀನಿದರೂ ಗಾಡಿ ಪಕ್ಕದ ಸಾಲಿಗೆ ಸರಿಯುವಷ್ಟು ಸ್ಟೀರಿಂಗ್ ಚುರುಕಾಗುತ್ತದೆ. ಪಂಪಿನ ವಾಲ್ವಿನಲ್ಲಿ ತೆಳು ಬಿಲ್ಲೆಗಳನ್ನಿಟ್ಟು ಒತ್ತಡ ಇಳಿಸಿದರೆ ಈ ದೋಷ ಹೋಗುತ್ತದೆ.

ಗಟ್ಟಿ ಅಚ್ಚನ್ನು ಉಳಿಸಿಕೊಂಡವರು ಮರೆಯಬಾರದ ಸಂಗತಿಯೆಂದರೆ ಕ್ಯಾಸ್ಟರ್. ಬೈಸಿಕಲ್ಲಿನ ಮುಂದಿನ ಫೋರ್ಕು ಹಿಂದಕ್ಕೆ ವಾಲಿರುವುದರಿಂದಲೇ ಅದು ನೇರವಾಗಿ ಓಡುವ ಸ್ವಭಾವ ಪಡೆಯುತ್ತದೆ. ಕಿಂಗ್ ಪಿನ್ನಿನ ಇಂಥದೇ ವಾಲಿಕೆಗೆ ಕ್ಯಾಸ್ಟರ್ ಎಂದು ಹೆಸರು. ವಾಲಿಕೆ ಹೆಚ್ಚಾದಷ್ಟೂ ಗಾಡಿ ನೇರ ಓಡುತ್ತದೆ, ತಿರುವು ಮುಗಿದೊಡನೆ ಚಕ್ರ ತಾನಾಗಿ ನಡುವಿಗೆ ಮರಳುತ್ತದೆ, ಆದರೆ ತಿರುಗಿಸುವುದು ಕಷ್ಟವಾಗುತ್ತದೆ. ಕೈಯಿಂದ ತಿರುಗಿಸುವ ಕಾಲದಲ್ಲಿ ವಿನ್ಯಾಸಕಾರರು ಜಿಪುಣರಂತೆ ಒಂದೆರಡು ಡಿಗ್ರಿಯನ್ನಷ್ಟೇ ಕೊಡುತ್ತಿದ್ದರು. ಪವರ್ ಸ್ಟೀರಿಂಗ್ ಬಂದ ಮೇಲೆ ಆ ಜಿಪುಣತನಕ್ಕೆ ಅರ್ಥವಿಲ್ಲ. ಅಷ್ಟೇ ಅಲ್ಲ, ಅದು ತೊಂದರೆಯೂ ಹೌದು, ಏಕೆಂದರೆ ವಾಲ್ವು ಮತ್ತು ಪಿಸ್ಟನ್ನಿನ ಘರ್ಷಣೆಯನ್ನು ಮೀರಿ ಚಕ್ರ ನಡುವಿಗೆ ಮರಳಲು ಅಷ್ಟು ಕಡಿಮೆ ವಾಲಿಕೆ ಸಾಲದು. ಲೀಫ್ ಸ್ಪ್ರಿಂಗಿಗೂ ಅಚ್ಚಿಗೂ ನಡುವೆ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳುವಾದ ಬೆಣೆಯನ್ನಿಟ್ಟು ವಾಲಿಕೆಯನ್ನು ನಾಲ್ಕೈದು ಡಿಗ್ರಿಗೆ ಏರಿಸಬೇಕು. ತೀರ ಅಗ್ಗದ ಈ ಉಕ್ಕಿನ ಬೆಣೆ ಹಾಕದೆ ಹೆದ್ದಾರಿಗಿಳಿದ ಗಾಡಿ ಅತ್ತಿತ್ತ ಅಲೆಯುತ್ತದೆ, ಅದನ್ನು ಕಂಡ ಒಡೆಯರು ಪವರ್ ಸ್ಟೀರಿಂಗಿನಿಂದ ರಸ್ತೆಯ ಸ್ಪರ್ಶವೇ ಹೋಯಿತೆಂದು ಹಲುಬುತ್ತಾರೆ. ಸ್ಪರ್ಶ ತುಸು ಕಡಿಮೆಯಾಗುವುದು ನಿಜವೇ; ಜಲ್ಲಿ, ಮರಳು, ಒದ್ದೆ ನೆಲಗಳ ಸುದ್ದಿಯನ್ನು ಅಂಗೈಗೆ ತಲುಪಿಸುತ್ತಿದ್ದ ದಾರಿಯ ನಡುವೆ ಈಗ ಎಣ್ಣೆ ನಿಂತಿದೆ. ಆದರೆ ಹಳೆಯ ಟ್ರಕ್ಕಿನ ಚಕ್ರ ತರುತ್ತಿದ್ದ ಸುದ್ದಿಯಲ್ಲಿ ಬಹಳಷ್ಟು ಸವೆದ ಬುಷ್ಷುಗಳ ಚಾಡಿಮಾತೇ ಆಗಿತ್ತೆಂಬುದನ್ನೂ ಒಪ್ಪಬೇಕು.

ಈಚೆಗೆ ಎಣ್ಣೆಯ ಗೊಡವೆಯೇ ಬೇಡವೆನ್ನುವವರು ವಿದ್ಯುತ್ ಮೋಟರಿನ ನೆರವಿಗೆ ತಿರುಗಿದ್ದಾರೆ. ಜಪಾನಿನ ಸುಜುಕಿ ಕಂಪನಿಯ ಸೆರ್ವೊ ಎಂಬ ಪುಟ್ಟ ಕಾರಿನಲ್ಲಿ 1988ರಲ್ಲಿ ಮೊದಲು ಬಂದ ಈ ಪದ್ಧತಿಯಲ್ಲಿ ಕಾಲಮ್ಮಿಗೇ ಮೋಟರು ಅಂಟಿಕೊಂಡಿರುತ್ತದೆ. ಅಮೆರಿಕದ ಹವ್ಯಾಸಿಗಳು ಗುಜರಿಗೆ ಬಂದ ಪ್ರಿಯಸ್, ಸ್ಯಾಟರ್ನ್ ವ್ಯೂ ಮುಂತಾದ ಕಾರುಗಳಿಂದ ಅದನ್ನು ಬಿಚ್ಚಿ ತಂದು ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಮರೆಮಾಡುತ್ತಾರೆ. ಪಂಪಿಲ್ಲ, ಪೈಪಿಲ್ಲ, ಬಾನೆಟ್ ತೆರೆದರೆ ಎಲ್ಲವೂ 1953ರಂತೆಯೇ. ಇಷ್ಟು ಸೊಗಸಾದ ಉಪಾಯಕ್ಕೆ ಎರಡು ಆಕ್ಷೇಪಗಳಿವೆ. 1955ರವರೆಗಿನ ಫೋರ್ಡ್ ಟ್ರಕ್ಕುಗಳ ವಿದ್ಯುತ್ ವ್ಯವಸ್ಥೆ ಆರು ವೋಲ್ಟಿನದು, ಅದೂ ಬ್ಯಾಟರಿಯ ಧನಧ್ರುವ ಚಾಸಿಗೆ ಜೋಡಿಸಲ್ಪಟ್ಟದ್ದು. ಹನ್ನೆರಡು ವೋಲ್ಟು ಬಂದದ್ದು 1956ರಲ್ಲಿ. ಹನ್ನೆರಡು ವೋಲ್ಟಿನಲ್ಲಿ 50 ಆಂಪಿಯರ್ ಎಳೆಯುವ ಮೋಟರಿಗೆ 600 ವ್ಯಾಟ್ ಬೇಕು, ಹಳೆಯ ಆರು ವೋಲ್ಟಿನ ಡೈನಮೋ ಪೂರ್ತಿ ದುಡಿದರೂ ಅದರ ಅರ್ಧ ಕೊಡದು. ಗಾಡಿ ನಿಲ್ಲಿಸುವಾಗ ಎಂಜಿನ್ನು ನಿಧಾನವಾಗಿ ತಿರುಗುತ್ತಿರುವುದರಿಂದ, ನೆರವು ಅತಿ ಹೆಚ್ಚು ಬೇಕಾದ ಗಳಿಗೆಯಲ್ಲೇ ಡೈನಮೋ ಮಲಗಿರುತ್ತದೆ. ಎರಡನೆಯ ಆಕ್ಷೇಪ ಇನ್ನೂ ಆಳದ್ದು. ಎಣ್ಣೆಯ ಬಾಕ್ಸಿನಲ್ಲಿ ಬಲ ಹುಟ್ಟುವುದು ದಾರಿಯ ಕೊನೆಯಲ್ಲಿ. ಮೋಟರಿನ ಬಲ ಹುಟ್ಟುವುದು ದಾರಿಯ ಮೊದಲಲ್ಲಿ. ಅಂದರೆ ಮೋಟರು ಕೊಡುವ ಅಷ್ಟೂ ಬಲ ಹಳೆಯ ದಂಡ, ಹಳೆಯ ವರ್ಮು, ಹಳೆಯ ಉರುಳೆಗಳನ್ನು ಹಿಂಡಿಕೊಂಡೇ ಗಾಲಿ ತಲುಪಬೇಕು. ಎಪ್ಪತ್ತು ವರ್ಷ ಮನುಷ್ಯನ ತೋಳಿಗೆ ಮಾತ್ರ ಒಗ್ಗಿಕೊಂಡಿದ್ದ ಆ ಹಲ್ಲುಗಳಿಗೆ ಈ ಹೊಸ ಯಜಮಾನ ಕೊಡುವ ದುಡಿತ ಬೇರೆಯದೇ. ಬಾಕ್ಸಿನಲ್ಲಿ ಮೊದಲೇ ಇದ್ದ ಪ್ಲೇ, ಅಂದರೆ ಚಕ್ರ ಅಲುಗಿದರೂ ಗಾಲಿ ಅಲುಗದ ಸಡಿಲ, ಮೋಟರಿನಿಂದ ಎಳ್ಳಷ್ಟೂ ಕಡಿಮೆಯಾಗದು. ಬಾಕ್ಸನ್ನು ಬಿಚ್ಚಿ ಬೇರಿಂಗು, ಉರುಳೆಗಳನ್ನು ಹೊಸದಾಗಿ ಕೂರಿಸಿಕೊಂಡ ಮೇಲೆ ಮಾತ್ರ ಈ ದಾರಿ ಸಮರ್ಥನೀಯ.

ಭಾರತದಲ್ಲಿ ಇಂಥ ಹವ್ಯಾಸಕ್ಕೆ ಕಾನೂನಿನ ಬೇಲಿ ಬಿಗಿಯಾಗಿದೆ. ನೋಂದಣಿ ಪತ್ರದಲ್ಲಿ ದಾಖಲಾದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. ಹಳೆಯ ಜೀಪಿನ ಚಾಸಿಗೆ ಗರಗಸ ಹಿಡಿಯುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಎಣ್ಣೆಯ ಪದ್ಧತಿಯಲ್ಲಿ ಎಲ್ಲವನ್ನೂ ಬಿಗಿದಾದ ಮೇಲೆ ಉಳಿಯುವ ಕೆಲಸ ಗಾಳಿ ಹೊರಹಾಕುವುದು. ಮುಂದಿನ ಗಾಲಿಗಳನ್ನು ನೆಲದಿಂದೆತ್ತಿ, ಟ್ಯಾಂಕಿಗೆ ಎಣ್ಣೆ ತುಂಬಿ, ಎಂಜಿನ್ನು ಚಾಲೂ ಮಾಡದೆಯೇ ಚಕ್ರವನ್ನು ಒಂದು ಕೊನೆಯಿಂದ ಇನ್ನೊಂದಕ್ಕೆ ಹತ್ತಿಪ್ಪತ್ತು ಸಲ ನಿಧಾನವಾಗಿ ತಿರುಗಿಸಬೇಕು. ಮೊದಲು ಎಣ್ಣೆಯ ಮೇಲೆ ಮಜ್ಜಿಗೆಯಂಥ ನೊರೆ ಬರುತ್ತದೆ, ಮಟ್ಟ ಇಳಿಯುತ್ತದೆ, ಮತ್ತೆ ತುಂಬಬೇಕು; ಗುಳ್ಳೆ ನಿಂತ ಮೇಲೆ ಎಂಜಿನ್ನು ಚಾಲೂ ಮಾಡಬೇಕು. ಈ ತಾಳ್ಮೆ ಇಲ್ಲದವರ ಪಂಪು ಮೊದಲ ದಿನದಿಂದಲೇ ನರಳುತ್ತದೆ. ಚಕ್ರವನ್ನು ಕೊನೆಯವರೆಗೂ ತಿರುಗಿಸಿ ಅಲ್ಲೇ ಅದುಮಿ ಹಿಡಿಯುವ ಅಭ್ಯಾಸವೂ ಒಳ್ಳೆಯದಲ್ಲ. ಹರಿಯಲು ದಾರಿಯಿಲ್ಲದ ಎಣ್ಣೆ ರಕ್ಷಣಾ ವಾಲ್ವಿನ ಸಂದಿಯಲ್ಲೇ ಸುತ್ತಿ ಕೆಲವೇ ಕ್ಷಣಗಳಲ್ಲಿ ಕಾಯುತ್ತದೆ. ಅನುಭವಸ್ಥರು ಮೊದಲ ಓಡಾಟಕ್ಕೆ ಬಯಲೊಂದನ್ನು ಆರಿಸಿಕೊಂಡು, ಗಾಡಿ ಮೆಲ್ಲಗೆ ಉರುಳುತ್ತಿರುವಾಗ ಬೇಕೆಂದೇ ಎಂಜಿನ್ನು ನಿಲ್ಲಿಸಿ ನೋಡುತ್ತಾರೆ. ನೆರವು ನಿಂತರೂ ಗಾಲಿಗೂ ಚಕ್ರಕ್ಕೂ ಉಕ್ಕಿನ ನಂಟು ಕಡಿಯುವುದಿಲ್ಲ. ಟಾರ್ಷನ್ ಬಾರ್ ತನ್ನ ಮಿತಿಯವರೆಗೆ ತಿರುಚಿಕೊಂಡು ನಿಂತು, ಅದರ ಪಕ್ಕದ ಹಲ್ಲುಗಳು ಒಂದಕ್ಕೊಂದು ತಾಗಿ, ಗಾಡಿ ತಿರುಗುತ್ತದೆ. ಆದರೆ 16ಕ್ಕೆ 1ರ ಅನುಪಾತದಲ್ಲಿ, ನಿಶ್ಚಲ ಎಣ್ಣೆಯನ್ನೂ ನೂಕಿಕೊಂಡು ತಿರುಗಿಸಬೇಕಾದ ಆ ಚಕ್ರ ಹಳೆಯದಕ್ಕಿಂತ ಹೆಚ್ಚು ಬಿಗಿ. ಶೋಭೆಗೆಂದು 18 ಇಂಚಿನ ಮೂಲ ಚಕ್ರ ತೆಗೆದು 14 ಇಂಚಿನದನ್ನು ಹಾಕಿಸಿಕೊಂಡವರಿಗೆ ಆ ಬಿಗಿ ಇನ್ನೂ ಕಾಲುಪಾಲಿಗಿಂತ ಹೆಚ್ಚು ಏರಿರುತ್ತದೆ. ಬಯಲಿನ ಪರೀಕ್ಷೆ ಮುಗಿಸಿ ಬಂದು, ಕಪಾಟಿನ ಮೇಲೆ ಎತ್ತಿಟ್ಟಿದ್ದ ದೊಡ್ಡ ಚಕ್ರವನ್ನು ಧೂಳು ಒರೆಸಿ ಮರಳಿ ಕೂರಿಸುವವರು ಅವರಲ್ಲಿ ಕೆಲವರಿದ್ದಾರೆ.